ಕಡಲ ತಳದ ಹಗೇವು

ಮಳೆಗಾಲ ಮುಗಿದು ಕಡಲು ತಣ್ಣಗಾದ ಮೇಲೆ ಮಂಗಳೂರಿನ ಹಳೆ ಬಂದರಿಗೆ ಹೋದರೆ ಲಕ್ಷದ್ವೀಪಕ್ಕೆ ಹೊರಡುವ ಮಂಜಿ ಹಡಗುಗಳಿಗೆ ಸರಕು ತುಂಬುವುದನ್ನು ನೋಡಬಹುದು. ಅಕ್ಕಿ ಮೂಟೆ, ಈರುಳ್ಳಿ ಚೀಲ, ತರಕಾರಿ, ಸಿಮೆಂಟು, ಜಲ್ಲಿ. ಆ ದ್ವೀಪಗಳಲ್ಲಿ ತೆಂಗು, ಮೀನು ಬಿಟ್ಟರೆ ಉಳಿದದ್ದೆಲ್ಲ ಹೆಚ್ಚುಕಡಿಮೆ ಹೊರಗಿನಿಂದಲೇ ಬರಬೇಕು. ನಂಟು ಇಂದು ನಿನ್ನೆಯದಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರ ದ್ವೀಪಗಳು 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಅಲ್ಲಿನ ತಂಟೆ ತಕರಾರುಗಳು ಮಂಗಳೂರಿನ ಕಲೆಕ್ಟರರ ಮೇಜಿಗೆ ಬರುತ್ತಿದ್ದವು.

ಇಷ್ಟು ಹತ್ತಿರದವರಾದರೂ ನಮಗೆ ಲಕ್ಷದ್ವೀಪವೆಂದರೆ ಫೋಟೊದಲ್ಲಿ ಕಾಣುವ ತಿಳಿನೀಲಿ ನೀರು, ಬಿಳಿ ಮರಳು, ಅಷ್ಟೆ. ಹವಳದ ದಿಬ್ಬ ಸುತ್ತುವರಿದ ಆ ಆಳವಿಲ್ಲದ ನೀರಿಗೆ ಲಗೂನ್ ಎನ್ನುತ್ತಾರೆ. ಅಲ್ಲಿನ ಅಗತ್ತಿ ದ್ವೀಪದಲ್ಲಿ ವಿಮಾನ ಇಳಿಯುವಾಗ ಕಿಟಕಿಯಿಂದ ನೋಡಿದರೆ ಲಗೂನಿನ ತಿಳಿನೀಲಿಯ ನಡುವೆ ಅಲ್ಲಲ್ಲಿ ಮಸಿ ಚೆಲ್ಲಿದಂಥ ಕಲೆಗಳು ಕಾಣುತ್ತವೆ. ಕೆಲವು ಹವಳದ ಬಂಡೆಗಳು. ಇನ್ನು ಕೆಲವು ಹುಲ್ಲು, ಅಥವಾ ಒಂದು ಕಾಲಕ್ಕೆ ಹುಲ್ಲಿದ್ದ ಜಾಗ. ಈ ಲೇಖನ ಆ ಹುಲ್ಲಿನ ಬಗ್ಗೆ. ಸರಿಯಾಗಿ ಹೇಳಬೇಕೆಂದರೆ, ಹುಲ್ಲಿನ ಕೆಳಗಿರುವ ಹೂಳಿನ ಬಗ್ಗೆ, ಗಾಳಿ ಸೇರಿದರೆ ಭೂಮಿಯನ್ನು ಬಿಸಿಮಾಡುವ ಇಂಗಾಲವನ್ನು ಅದು ಹಿಡಿದಿಡುವ ಬಗ್ಗೆ.

ಕಡಲಹುಲ್ಲು ಎಂದೊಡನೆ ಪಾಚಿ ಎಂದುಕೊಳ್ಳುವವರೇ ಹೆಚ್ಚು. ಪಾಚಿಗೆ ಬೇರಿಲ್ಲ, ಹೂವಿಲ್ಲ. ಬಂಡೆ ಸಿಕ್ಕರೆ ಅಂಟಿಕೊಂಡಿರುತ್ತದೆ. ಕಡಲಹುಲ್ಲಿಗೆ ಬೇರುಂಟು, ಕಾಂಡವುಂಟು, ನೀರಿನೊಳಗೇ ಹೂ ಬಿಟ್ಟು, ನೀರಿನಲ್ಲೇ ಪರಾಗ ತೇಲಿಸಿ ಬೀಜ ಕಟ್ಟುತ್ತದೆ. ಇದರ ಪೂರ್ವಜರು ನೆಲದ ಗಿಡಗಳು. ಡೈನೋಸಾರ್‌ಗಳಿದ್ದ ಕಾಲದಲ್ಲಿ ಅವು ಮತ್ತೆ ಕಡಲಿಗಿಳಿದು ಅಲ್ಲೇ ನೆಲೆಯಾದವು. ನೋಡಲು ಹುಲ್ಲಿನಂತಿದ್ದರೂ ಸಸ್ಯಶಾಸ್ತ್ರದ ವಂಶವೃಕ್ಷದಲ್ಲಿ ಇವು ಹುಲ್ಲಿನ ಕುಲದವಲ್ಲ. ಗರಿಕೆಗಿಂತ ಪತ್ರೊಡೆ ಮಾಡುವ ಕೆಸುವಿಗೇ ಹತ್ತಿರದ ನೆಂಟರು. ಜಗತ್ತಿನಲ್ಲಿ ಇಂಥವು ಸುಮಾರು 70 ಬಗೆ, ಭಾರತದ ಕಡಲಲ್ಲಿ ಹದಿನೈದರ ಆಸುಪಾಸು. ಹೆಚ್ಚಿನವು ಇರುವುದು ತಮಿಳುನಾಡಿನ ಪಾಕ್ ಕೊಲ್ಲಿ, ಮನ್ನಾರ್ ಕೊಲ್ಲಿಗಳಲ್ಲಿ. ಆಮೇಲೆ ಲಕ್ಷದ್ವೀಪ, ಅಂಡಮಾನ್, ಚಿಲಿಕಾ. ನಮ್ಮ ಕರಾವಳಿಯಲ್ಲಿ ಇಂಥ ವಿಶಾಲ ಹುಲ್ಲುಗಾವಲುಗಳಿಲ್ಲ. ಮುಂಗಾರಿನ ಅಲೆಗಳ ಹೊಡೆತ ಒಂದು ಕಡೆ, ನೇತ್ರಾವತಿ, ಶರಾವತಿ, ಕಾಳಿಯಂಥ ನದಿಗಳು ಹೊತ್ತು ತರುವ ಕೆನ್ನೀರು ಇನ್ನೊಂದು ಕಡೆ. ತಳಕ್ಕೆ ಬೆಳಕು ಇಳಿಯದಿದ್ದರೆ ಹುಲ್ಲಿಗೆ ಬದುಕಿಲ್ಲ.

ಗರಿಕೆಯ ನೆಂಟನಲ್ಲ ಎಂದೆ. ಆದರೆ ಬೆಳೆಯುವ ರೀತಿ ಥೇಟು ಗರಿಕೆಯದೇ. ಹೊಲದಲ್ಲಿ ಗರಿಕೆ ಕಿತ್ತವರಿಗೆ ಗೊತ್ತು: ಮೇಲೆ ನಾಲ್ಕು ಎಲೆ, ಕೆಳಗೆ ಮಾರುದ್ದದ ಜಾಲ. ಕಡಲಹುಲ್ಲಿನದೂ ಅದೇ ಕಥೆ. ಮರಳಿನೊಳಗೆ ಅಡ್ಡಡ್ಡ ಹರಿಯುವ ಗೆಣ್ಣುಗೆಣ್ಣಿನ ಕಾಂಡ, ಗೆಣ್ಣಿಗೊಂದರಂತೆ ಮೇಲಕ್ಕೆ ಚಿಗುರು, ಕೆಳಕ್ಕೆ ಬೇರು. ಇಂಗಾಲದ ಲೆಕ್ಕ ಶುರುವಾಗುವುದು ಈ ಕೆಳಗಿನ ಜಾಲದಿಂದ.

ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹಿಂದೆ ಜೋಳವನ್ನು ಹಗೇವಿನಲ್ಲಿ ಇಡುತ್ತಿದ್ದರು. ನೆಲದಲ್ಲಿ ಆಳವಾಗಿ ತೋಡಿದ ಗುಂಡಿ, ಬದಿಗೆಲ್ಲ ದಂಟು, ಹುಲ್ಲಿನ ಒತ್ತು, ಬಾಯಿಗೆ ಹಾಸುಗಲ್ಲು, ಅದರ ಮೇಲೆ ಮಣ್ಣು. ಒಳಗಿನ ಕಾಳು, ಹುಳಗಳು ಉಸಿರಾಡಿ ಉಸಿರಾಡಿ ಇದ್ದ ಆಮ್ಲಜನಕವನ್ನೆಲ್ಲ ಮುಗಿಸಿಬಿಡುತ್ತವೆ. ಆಮೇಲೆ ಹುಳವೂ ಇಲ್ಲ, ಬೂಸ್ಟೂ ಇಲ್ಲ. ಕಾಳು ವರ್ಷಗಟ್ಟಲೆ ಕೆಡುವುದಿಲ್ಲ. ಹಗೇವು ತೆರೆದ ಕೂಡಲೇ ಯಾರೂ ಒಳಗಿಳಿಯುವುದಿಲ್ಲ. ದೀಪ ಇಳಿಬಿಟ್ಟು ನೋಡುತ್ತಾರೆ. ದೀಪ ಆರಿದರೆ ಒಳಗೆ ಇನ್ನೂ ಸತ್ತ ಗಾಳಿಯೇ ಇದೆ ಎಂದರ್ಥ. ಒಮ್ಮೆ ತೆರೆದ ಹಗೇವಿನ ಕಾಳನ್ನು ಬೇಗ ಹೊರತೆಗೆದು ಮುಗಿಸಬೇಕು ಎಂಬುದೂ ಹಿರಿಯರ ಲೆಕ್ಕ.

ಕಡಲಹುಲ್ಲಿನ ಕೆಳಗೆ ಇರುವುದು ಇಂಥದೇ ಒಂದು ಹಗೇವು. ಕಾಳಿನ ಬದಲು ಇಂಗಾಲ.

ಅದು ತುಂಬುವ ಬಗೆ ಎರಡು. ಒಂದು, ಹುಲ್ಲು ತಾನೇ ತುಂಬುವುದು. ನೀರಿನಲ್ಲಿ ಕರಗಿದ ಇಂಗಾಲವನ್ನು ಎಳೆದುಕೊಂಡು ಬಿಸಿಲಿನ ಬಲದಿಂದ ಸಕ್ಕರೆ ಮಾಡುತ್ತದೆ, ಆ ಸಕ್ಕರೆಯಲ್ಲಿ ದೊಡ್ಡ ಪಾಲನ್ನು ಬೇರಿಗೂ ನೆಲದೊಳಗಿನ ಕಾಂಡಕ್ಕೂ ಕಳಿಸುತ್ತದೆ. ಅವು ಸತ್ತಾಗ ಎಲ್ಲಿಗೂ ತೇಲಿಹೋಗುವುದಿಲ್ಲ. ಹೂತ ಜಾಗದಲ್ಲೇ ಸಾಯುತ್ತವೆ. ಇನ್ನೊಂದು, ಹೊರಗಿನದನ್ನು ಹಿಡಿದು ತುಂಬುವುದು. ಒತ್ತಾಗಿ ನಿಂತ ಎಲೆಗಳ ನಡುವೆ ನೀರಿನ ಓಟ ನಿಧಾನವಾಗುತ್ತದೆ. ಓಟ ನಿಧಾನವಾದಲ್ಲಿ ಹೂಳು ತಂಗುತ್ತದೆ. ಕೆರೆಗೆ ಹೂಳು ತುಂಬುವುದೂ ಹೀಗೇ ತಾನೆ. ನೀರಲ್ಲಿ ತೇಲುತ್ತಿದ್ದ ಪಾಚಿಯ ಚೂರು, ಮೀನಿನ ಹಿಕ್ಕೆ, ಎಲ್ಲಿಂದಲೋ ಕೊಚ್ಚಿ ಬಂದ ಎಲೆ, ಎಲ್ಲವೂ ಹುಲ್ಲಿನ ಬುಡ ಸೇರುತ್ತವೆ. ಹುಲ್ಲು ಮೇಲಕ್ಕೆ ಬೆಳೆಯುತ್ತ ಹೋದಂತೆ ಹೂಳಿನ ಮಟ್ಟವೂ ಏರುತ್ತದೆ. ವರ್ಷಕ್ಕೆ ಕೆಲವೇ ಮಿಲಿಮೀಟರು.

ತುಂಬುವುದು ದೊಡ್ಡ ವಿಷಯವಲ್ಲ, ಕಾಡಿನಲ್ಲೂ ಎಲೆ ಉದುರಿ ನೆಲ ಸೇರುತ್ತದೆ. ಆದರೆ ಮಳೆಕಾಡಿನ ನೆಲದ ಎಲೆ ಕೆಲವೇ ತಿಂಗಳಲ್ಲಿ ಕೊಳೆತು, ಅದರ ಇಂಗಾಲದ ಬಹುಪಾಲು ಮತ್ತೆ ಗಾಳಿ ಸೇರುತ್ತದೆ. ಕಡಲಹುಲ್ಲಿನ ಬುಡದಲ್ಲಿ ಹಾಗಾಗುವುದಿಲ್ಲ. ಕೆಸರಿಗೆ ಬೆರಳು ಅದ್ದಿ ನೋಡಿದರೆ ಕಾರಣ ಕೈಗೇ ಅಂಟಿಕೊಂಡು ಬರುತ್ತದೆ: ಮೇಲಿನ ಕೆಲವು ಮಿಲಿಮೀಟರಿನಷ್ಟು ಕಂದು ಪದರ, ಅದರ ಕೆಳಗೆಲ್ಲ ಕಪ್ಪು. ಮೂಗಿಗೆ ಹಿಡಿದರೆ ಕೊಳೆತ ಮೊಟ್ಟೆಯ ವಾಸನೆ. ಕಂದು ಪದರದವರೆಗೆ ಮಾತ್ರ ಆಮ್ಲಜನಕ, ಅಲ್ಲಿಂದಾಚೆ ಅದು ಸೊನ್ನೆ. ಆಮ್ಲಜನಕವಿಲ್ಲದೆ ಬದುಕುವ ಬ್ಯಾಕ್ಟೀರಿಯಾಗಳು ಕಡಲ ನೀರಿನಲ್ಲಿ ಧಾರಾಳವಾಗಿರುವ ಸಲ್ಫೇಟನ್ನು ಬಳಸಿ ಹೇಗೋ ಜೀವನ ಸಾಗಿಸುತ್ತವೆ. ವಾಸನೆಯ ಗಂಧಕದ ಅನಿಲ ಅವುಗಳದೇ ಉತ್ಪತ್ತಿ. ಆದರೆ ಇದು ಬಡವರ ಅಡುಗೆ. ಶಕ್ತಿ ಕಡಿಮೆ, ವೇಗ ಕಡಿಮೆ. ನಾರು ನಾರಾದ ಬೇರನ್ನು ಜೀರ್ಣಿಸಿಕೊಳ್ಳುವುದು ಅವಕ್ಕೆ ಶತಮಾನಗಳ ಕೆಲಸ.

ಗದ್ದೆಯ ಕೆಸರೂ ಹೀಗೇ ಅಲ್ಲವೇ, ಅಲ್ಲೂ ಗಾಳಿಯಾಡುವುದಿಲ್ಲವಲ್ಲ ಎಂದು ಕೇಳಬಹುದು. ಒಳ್ಳೆಯ ಪ್ರಶ್ನೆ. ನೀರು ನಿಂತ ಭತ್ತದ ಗದ್ದೆಯಲ್ಲಿ ಮೀಥೇನ್ ಹುಟ್ಟುತ್ತದೆ, ಅದು ಇಂಗಾಲದ ಡೈಆಕ್ಸೈಡಿಗಿಂತ ಎಷ್ಟೋ ಪಟ್ಟು ಬಿಸಿ ಹಿಡಿಯುವ ಅನಿಲ. ಹಾಗಾಗಿ ಗದ್ದೆಯ ಕೆಸರಿನ ಲೆಕ್ಕ ಸುಲಭವಾಗಿ ನಷ್ಟಕ್ಕೆ ತಿರುಗುತ್ತದೆ. ಕಡಲಿನಲ್ಲಿ ಸಲ್ಫೇಟ್ ಬಳಸುವ ಬ್ಯಾಕ್ಟೀರಿಯಾಗಳು ಮೀಥೇನ್ ಮಾಡುವವುಗಳ ಬಾಯಿಯಿಂದ ತುತ್ತು ಕಿತ್ತುಕೊಳ್ಳುವುದರಿಂದ ಅಲ್ಲಿ ಮೀಥೇನ್ ಬಹಳ ಕಡಿಮೆ. ಉಪ್ಪುನೀರಿನ ಹಗೇವು, ಸಿಹಿನೀರಿನ ಹಗೇವಿಗಿಂತ ಮೇಲು.

ಇನ್ನೊಂದು ಸೋಜಿಗ 2022ರಲ್ಲಿ ಹೊರಬಿತ್ತು. ಜರ್ಮನಿಯ ಬ್ರೆಮೆನ್‌ನಲ್ಲಿರುವ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಕಡಲ ಸೂಕ್ಷ್ಮಜೀವಿ ತಜ್ಞರು ಮೆಡಿಟರೇನಿಯನ್‌ನ ಹುಲ್ಲಿನ ಬೇರಿನ ಸುತ್ತ ನಾವು ಚಹಾಕ್ಕೆ ಹಾಕುವ ಸಕ್ಕರೆ, ಅಂದರೆ ಸುಕ್ರೋಸ್, ರಾಶಿ ಬಿದ್ದಿರುವುದನ್ನು ಕಂಡರು. ಕೆರಿಬಿಯನ್ ಹುಲ್ಲಿನಲ್ಲೂ ಅದೇ. ಸಕ್ಕರೆ ಎಂದರೆ ಸೂಕ್ಷ್ಮಜೀವಿಗಳಿಗೆ ಹಬ್ಬದೂಟ. ಆದರೂ ಅದು ಹಾಗೇ ಉಳಿದಿತ್ತು. ಹುಲ್ಲು ತನ್ನ ಬೇರಿನಿಂದ ಫಿನಾಲ್ ಜಾತಿಯ ಒಗರು ರಾಸಾಯನಿಕಗಳನ್ನೂ ಬಿಡುತ್ತದೆ, ಆಮ್ಲಜನಕವಿಲ್ಲದ ಕಡೆ ಅವು ಹೆಚ್ಚಿನ ಸೂಕ್ಷ್ಮಜೀವಿಗಳ ಬಾಯಿ ಕಟ್ಟುತ್ತವೆ. ಎಳೆ ಅಡಿಕೆ ಜಗಿದು ನಾಲಿಗೆ ಒರಟಾದದ್ದನ್ನು ನೆನೆಸಿಕೊಳ್ಳಿ, ಆ ಒಗರೂ ಇದೇ ಬಳಗದ್ದು. ಜಗತ್ತಿನ ಕಡಲಹುಲ್ಲಿನಡಿ ಹೀಗೆ ಉಳಿದ ಸಕ್ಕರೆ 6 ಲಕ್ಷದಿಂದ 13 ಲಕ್ಷ ಟನ್ ಇರಬಹುದೆಂದು ಅವರ ಅಂದಾಜು. ಮಂಡ್ಯದವರಿಗೆ ಈ ಅಂಕಿ ಅರ್ಥವಾದೀತು.

ಸರಿ, ಅಲ್ಲಿ ಎಷ್ಟು ಇಂಗಾಲ ಇದೆಯೆಂದು ತಿಳಿಯುವುದು ಹೇಗೆ? ಕೆಲಸ ಸರಳ, ಮೈಮುರಿತ ಮಾತ್ರ ಜೋರು. ಎದೆಮಟ್ಟದ ನೀರಿನಲ್ಲಿ ನಿಂತು ಒಂದೂವರೆ ಮೀಟರ್ ಉದ್ದದ ಪಿವಿಸಿ ಅಥವಾ ಅಲ್ಯೂಮಿನಿಯಂ ಪೈಪನ್ನು ಹುಲ್ಲಿನ ನಡುವೆ ಹೂಳಿಗೆ ಸುತ್ತಿಗೆಯಿಂದ ಹೊಡೆದು ಇಳಿಸುತ್ತಾರೆ. ಮೇಲೆ ಬಿರಡೆ ಹಾಕಿ ಎಳೆಯುತ್ತಾರೆ. ಬಿರಡೆ ಬಿಗಿಯಾಗದಿದ್ದರೆ ಅಷ್ಟೂ ಹೂಳು ಕೆಳಗಿನಿಂದ ಜಾರಿ ಬಿದ್ದು ಬೆಳಗಿನ ಶ್ರಮ ನೀರುಪಾಲು. ಸರಿಯಾಗಿ ಬಂದರೆ ಪೈಪಿನೊಳಗೆ ಕಾಲವೇ ಪದರ ಪದರವಾಗಿ ನಿಂತಿರುತ್ತದೆ: ಮೇಲೆ ಜೀವಂತ ಬೇರು, ಕೆಳಗೆ ಸತ್ತ ಬೇರಿನ ನಾರು, ಚಿಪ್ಪಿನ ಚೂರು, ಇನ್ನೂ ಕೆಳಗೆ ಬರೀ ಕಪ್ಪು ರಾಡಿ. ಅದನ್ನು ಬಾಳೆದಿಂಡು ಹೆಚ್ಚಿದ ಹಾಗೆ ಬಿಲ್ಲೆ ಬಿಲ್ಲೆ ಮಾಡಿ ಒಣಗಿಸಿ ತೂಗುತ್ತಾರೆ. ಆಮೇಲೆ ಆಮ್ಲ ಹಾಕುತ್ತಾರೆ. ಲಕ್ಷದ್ವೀಪದಂಥ ಹವಳದ ನಾಡಿನ ಮರಳಾದರೆ ಬುಸ್ಸೆಂದು ನೊರೆ ಉಕ್ಕುತ್ತದೆ, ಏಕೆಂದರೆ ಅದೆಲ್ಲ ಸುಣ್ಣ. ಸುಣ್ಣ ಕರಗಿಹೋದ ಮೇಲೆ ಉಳಿದ ಜೈವಿಕ ಇಂಗಾಲವನ್ನು ಮಾತ್ರ ಯಂತ್ರದಲ್ಲಿ ಸುಟ್ಟು ಅಳೆಯುತ್ತಾರೆ. ವಯಸ್ಸು ತಿಳಿಯಲು ಸೀಸ-210 ಎಂಬ ವಿಕಿರಣ ಸೀಸ ಬೇಕು. ಅದು ಸುಮಾರು 22 ವರ್ಷಕ್ಕೊಮ್ಮೆ ಅರ್ಧಕ್ಕಿಳಿಯುವುದರಿಂದ ನೂರು ಚಿಲ್ಲರೆ ವರ್ಷಗಳವರೆಗಿನ ಪದರಗಳ ಪ್ರಾಯ ಹೇಳುತ್ತದೆ. ಅದಕ್ಕೂ ಹಳೆಯದಕ್ಕೆ ಇಂಗಾಲ-14.

ಕೈಲೆಕ್ಕ ಒಂದನ್ನು ಹಾಕೋಣ. ಒಂದು ಹೆಕ್ಟೇರ್, ಅಂದರೆ ಎರಡೂವರೆ ಎಕರೆ ಕಡಲಹುಲ್ಲು. ಅದರ ಕೆಳಗೆ ಒಂದು ಮೀಟರ್ ಆಳದ ಹೂಳು ಎಂದರೆ 10,000 ಘನ ಮೀಟರ್. ಒಣ ಹೂಳಿನ ತೂಕ ಘನ ಮೀಟರಿಗೆ ಒಂದು ಟನ್ ಎಂದಿಟ್ಟುಕೊಂಡರೆ 10,000 ಟನ್. ಅದರಲ್ಲಿ ಜೈವಿಕ ಇಂಗಾಲ ನೂರಕ್ಕೆ ಒಂದೇ ಒಂದು ಪಾಲು ಎನ್ನಿ, 100 ಟನ್. ಒಂದು ಟನ್ ಇಂಗಾಲ ಆಮ್ಲಜನಕ ಸೇರಿ ಗಾಳಿಗೆ ಹೋದರೆ 3.67 ಟನ್ ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಹಾಗಾದರೆ ಆ ಎರಡೂವರೆ ಎಕರೆಯ ಅಡಿಯಲ್ಲಿ 367 ಟನ್ ಡೈಆಕ್ಸೈಡಿಗೆ ಸಮನಾದ ಸರಕು ಅಡಗಿದೆ. ಒಂದು ಲೀಟರ್ ಪೆಟ್ರೋಲ್ ಉರಿಸಿದರೆ ಸುಮಾರು 2.3 ಕಿಲೊ ಹೊರಬರುತ್ತದೆ. ಆ ಲೆಕ್ಕದಲ್ಲಿ ಇದು 12,000 ಲೀಟರಿನ ಹದಿಮೂರು ಟ್ಯಾಂಕರ್ ಪೆಟ್ರೋಲ್. ನೂರಕ್ಕೆ ಒಂದು ಪಾಲು ಎಂಬುದು ನಾನು ಲೆಕ್ಕಕ್ಕಾಗಿ ಹಿಡಿದ ಅಂಕಿ, ಆದರೆ ವಾಸ್ತವದಿಂದ ದೂರವೇನಲ್ಲ.

ಇದೇ ಲೆಕ್ಕದಲ್ಲಿ ಹೂಳು ವರ್ಷಕ್ಕೆ 2 ಮಿಲಿಮೀಟರ್ ಏರುತ್ತದೆ ಎಂದುಕೊಂಡರೆ ಪೈಪಿನ ತುದಿಯ ಕಪ್ಪು ರಾಡಿ 500 ವರ್ಷದ್ದು, ಕೃಷ್ಣದೇವರಾಯ ಹಂಪಿಯಲ್ಲಿ ಆಳುತ್ತಿದ್ದ ಕಾಲದ್ದು.

ಜಾಗತಿಕ ಅಂಕಿಗಳನ್ನು ನಾನು ಸ್ವಲ್ಪ ಅನುಮಾನದಿಂದಲೇ ಓದುತ್ತೇನೆ, ನೀವೂ ಹಾಗೇ ಮಾಡಿ. 2012ರಲ್ಲಿ ಜಗತ್ತಿನ 946 ಹುಲ್ಲುಗಾವಲುಗಳ ಮಾಹಿತಿ ಒಟ್ಟುಗೂಡಿಸಿದ ಅಧ್ಯಯನವೊಂದು ಮೇಲಿನ ಒಂದು ಮೀಟರಿನಲ್ಲಿ 420 ಕೋಟಿಯಿಂದ 840 ಕೋಟಿ ಟನ್ ಇಂಗಾಲವಿದೆ ಎಂದಿತು. ಕೆಳಗಿನ ತುದಿಗೂ ಮೇಲಿನ ತುದಿಗೂ ಎರಡು ಪಟ್ಟು ಅಂತರ! ಕಾರಣ, ಜಗತ್ತಿನಲ್ಲಿ ಕಡಲಹುಲ್ಲು ಎಷ್ಟಿದೆಯೆಂಬುದೇ ಖಚಿತವಿಲ್ಲ. ಭರವಸೆಯಿಂದ ನಕ್ಷೆ ಮಾಡಿರುವುದು ಸುಮಾರು 1.6 ಲಕ್ಷ ಚದರ ಕಿಲೊಮೀಟರ್, ಊಹೆಗಳು 6 ಲಕ್ಷದವರೆಗೆ ಹೋಗುತ್ತವೆ. 2022ರಲ್ಲಿ ಬಹಾಮಾಸ್‌ನಲ್ಲಿ ಹುಲಿ ಶಾರ್ಕ್‌ಗಳ ಬೆನ್ನಿಗೆ ಕ್ಯಾಮೆರಾ ಕಟ್ಟಿ ಬಿಟ್ಟು, ಅವು ಸುತ್ತಾಡಿದ ಕಡೆಯ ತಳದ ಚಿತ್ರಗಳನ್ನು ಉಪಗ್ರಹ ಚಿತ್ರಗಳ ಜತೆ ತಾಳೆ ಹಾಕಿದಾಗ ಅಲ್ಲೊಂದರಲ್ಲೇ 66,000ದಿಂದ 92,000 ಚದರ ಕಿಲೊಮೀಟರ್ ಹುಲ್ಲು ಇರಬಹುದೆಂಬ ಅಂದಾಜು ಬಂತು. ಮೇಲಿನ ಅಂಕಿ ಕರ್ನಾಟಕದ ಅರ್ಧದಷ್ಟು. ಕಾಡನ್ನು ಆಕಾಶದಿಂದ ಅಳೆಯಬಹುದು, ಹತ್ತಿಪ್ಪತ್ತು ಮೀಟರ್ ನೀರಿನಡಿಯ ಹುಲ್ಲನ್ನು ಅಳೆಯಲು ಶಾರ್ಕ್‌ಗಳ ಕಾಲು ಹಿಡಿಯಬೇಕಾಯಿತು (ಶಾರ್ಕ್‌ಗೆ ಕಾಲಿಲ್ಲ, ಇರಲಿ).

ಸರಾಸರಿಗಳೂ ಮೋಸ ಮಾಡುತ್ತವೆ. ಅತಿ ಹೆಚ್ಚು ಇಂಗಾಲ ಹೂತಿಟ್ಟಿರುವುದು ಮೆಡಿಟರೇನಿಯನ್‌ನ ಪೊಸಿಡೋನಿಯಾ ಎಂಬ ಹುಲ್ಲು. ಅದರ ಬೇರಿನ ಹಾಸು ಮೀಟರುಗಟ್ಟಲೆ ದಪ್ಪ, ಸಾವಿರಾರು ವರ್ಷ ಹಳೆಯದು. ಉಷ್ಣವಲಯದ ಹುಲ್ಲುಗಳಿಗೆ ಆ ಅಂಕಿ ಅಂಟಿಸಿದರೆ ಲೆಕ್ಕ ತಪ್ಪುತ್ತದೆ. ಉಷ್ಣವಲಯದಲ್ಲೂ ಎಲ್ಲ ಒಂದೇ ಅಲ್ಲ. ಎನ್ಹಾಲಸ್ ಎಂಬುದು ಆಳುದ್ದದ ಪಟ್ಟಿ ಎಲೆಯ, ಬೆರಳುಗಾತ್ರದ ಬೇರುಕಾಂಡದ ಗಟ್ಟಿ ಗಿಡ. ಲಕ್ಷದ್ವೀಪದಲ್ಲಿ ಮುಖ್ಯವಾದ ಥಲಾಸಿಯಾ ಮಧ್ಯಮ, ನೆಲದಲ್ಲಿ ಚೆನ್ನಾಗಿ ಬೇರೂರುವಂಥದ್ದು. ಹ್ಯಾಲೊಫಿಲಾ ಎಂಬುದು ಒಂದೆಲಗದಷ್ಟು ಪುಟ್ಟ ಎಲೆಯ, ಇಂದು ಹುಟ್ಟಿ ನಾಳೆ ಸಾಯುವ ಅಲೆಮಾರಿ. ಮೂರನ್ನೂ ಕಡಲಹುಲ್ಲು ಎಂದೇ ಕರೆಯುತ್ತೇವೆ. ಆಲದ ಮರವನ್ನೂ ತುಂಬೆಯನ್ನೂ ಗಿಡ ಎಂದ ಹಾಗೆ.

ಉಷ್ಣವಲಯಕ್ಕೆ ಇನ್ನೊಂದು ತೊಡಕಿದೆ, ನೀಲಿ ಇಂಗಾಲದ (ಅಂದರೆ ಕಡಲು, ಕರಾವಳಿಯ ಗಿಡಗಳು ಹಿಡಿದಿಡುವ ಇಂಗಾಲದ) ಉತ್ಸಾಹಿಗಳು ಇದನ್ನು ಅಷ್ಟಾಗಿ ಪ್ರಸ್ತಾಪಿಸುವುದಿಲ್ಲ: ಸುಣ್ಣ. ಹವಳ, ಚಿಪ್ಪು, ಸುಣ್ಣದ ಕವಚ ಕಟ್ಟುವ ಪಾಚಿ, ಹುಲ್ಲಿನ ಎಲೆಯ ಮೇಲೇ ಮನೆ ಮಾಡಿಕೊಳ್ಳುವ ಸೂಕ್ಷ್ಮಜೀವಿಗಳು, ಇವೆಲ್ಲ ಸೇರಿ ಬೆಳ್ಳಗಿನ ಮರಳಾಗುತ್ತವೆ. ಸುಣ್ಣದಲ್ಲೂ ಇಂಗಾಲವಿದೆಯಲ್ಲ, ಅದೂ ಸಂಗ್ರಹವೇ ತಾನೆ ಎಂದು ಯಾರಿಗಾದರೂ ಅನ್ನಿಸೀತು. ನನಗೂ ಮೊದಲು ಹಾಗೇ ಅನ್ನಿಸಿತ್ತು. ರಸಾಯನಶಾಸ್ತ್ರ ತಿರುಗುಬಾಣ ಬಿಡುತ್ತದೆ. ನೀರಿನಲ್ಲಿ ಕರಗಿದ ಬೈಕಾರ್ಬೊನೇಟಿನ ಎರಡು ಕಣಗಳು ಕ್ಯಾಲ್ಸಿಯಂ ಜತೆ ಸೇರಿದಾಗ ಒಂದು ಸುಣ್ಣವಾಗುತ್ತದೆ, ಇನ್ನೊಂದು ಇಂಗಾಲದ ಡೈಆಕ್ಸೈಡಾಗಿ ಬಿಡುಗಡೆಯಾಗುತ್ತದೆ. ಅಂದರೆ ಚಿಪ್ಪನ್ನು ಭಟ್ಟಿಯಲ್ಲಿ ಸುಟ್ಟಾಗಲೂ ಡೈಆಕ್ಸೈಡ್, ಚಿಪ್ಪು ಕಟ್ಟುವಾಗಲೂ ಡೈಆಕ್ಸೈಡ್! ಫ್ಲಾರಿಡಾ, ಬ್ರೆಜಿಲ್ ಕಡೆಯ ಸುಣ್ಣದ ಹುಲ್ಲುಗಾವಲುಗಳನ್ನು ಪರಿಶೀಲಿಸಿದ ವಿಜ್ಞಾನಿಗಳು, ಕೆಲವೆಡೆ ಹೀಗೆ ಹೊರಬರುವ ಅನಿಲ ಹೂತಿಟ್ಟ ಇಂಗಾಲದ ಲಾಭವನ್ನು ನುಂಗಿಬಿಡಬಹುದು ಎಂದು 2018ರಲ್ಲಿ ಎಚ್ಚರಿಸಿದರು. ಎಲ್ಲ ಸುಣ್ಣವೂ ಅಲ್ಲೇ ಹುಟ್ಟಿದ್ದಲ್ಲ, ಹವಳದ ದಿಬ್ಬದಿಂದ ಕೊಚ್ಚಿ ಬಂದದ್ದೂ ಇದೆ; ಹುಲ್ಲಿನ ಬೇರಿನ ಬಳಿ ಸುಣ್ಣ ಮತ್ತೆ ಕರಗುವುದೂ ಉಂಟು, ಆಗ ಲೆಕ್ಕ ಉಲ್ಟಾ ಹೊಡೆಯುತ್ತದೆ. ಪಾಕ್ ಕೊಲ್ಲಿಯ ಕೆಸರಿಗೂ ಅಗತ್ತಿಯ ಸುಣ್ಣದ ಮರಳಿಗೂ ಒಂದೇ ಗುಣಾಕಾರ ಹಾಕುವವರನ್ನು ನಂಬಬೇಡಿ ಎಂಬುದಷ್ಟೇ ನನ್ನ ಮಾತು.

ಯಾರ ಇಂಗಾಲ ಎಂಬ ಜಗಳವೂ ಇದೆ. ಪೈಪಿನಲ್ಲಿ ಸಿಕ್ಕ ಇಂಗಾಲದಲ್ಲಿ ಸುಮಾರು ಅರ್ಧ ಹುಲ್ಲಿನದೇ ಅಲ್ಲ, ಹೊರಗಿನಿಂದ ಬಂದು ತಂಗಿದ್ದು. ಇಂಗಾಲದ ಪರಮಾಣುಗಳಲ್ಲಿ ತುಸು ಭಾರದ ಒಂದು ಬಗೆಯಿದೆ; ಅದರ ಪಾಲು ಕಡಲಹುಲ್ಲಿನಲ್ಲಿ ಹೆಚ್ಚು, ಕಾಂಡ್ಲಾ (ಮ್ಯಾಂಗ್ರೋವ್) ಎಲೆಯಲ್ಲಿ ಕಡಿಮೆ. ಅದನ್ನು ಅಳೆದರೆ ಯಾವುದು ಎಲ್ಲಿಂದ ಬಂತೆಂದು ತಿಳಿಯುತ್ತದೆ. ಕಾಂಡ್ಲಾವನದ ಎಲೆಯನ್ನು ಕಾಡಿನ ಲೆಕ್ಕದಲ್ಲೂ ಬರೆದು, ಹುಲ್ಲಿನ ಲೆಕ್ಕದಲ್ಲೂ ಬರೆದರೆ ಒಂದೇ ರಸೀದಿಗೆ ಎರಡು ಸಲ ಹಣ ಕೇಳಿದ ಹಾಗೆ. ನನ್ನ ಮಟ್ಟಿಗೆ ಹುಲ್ಲಿಗೆ ಪೂರ್ತಿ ಶ್ರೇಯ ಕೊಡಲು ಅಡ್ಡಿಯಿಲ್ಲ: ಕಾಳು ಯಾರ ಹೊಲದ್ದಾದರೂ ಆಗಲಿ, ಕೆಡದಂತೆ ಇಟ್ಟದ್ದು ಹಗೇವು.

ಈಗ ಮತ್ತೆ ಅಗತ್ತಿಗೆ ಬರೋಣ, ಅಲ್ಲಿನ ಕಥೆ ಯಾವ ಪಠ್ಯಪುಸ್ತಕಕ್ಕಿಂತ ಹೆಚ್ಚು ಕಲಿಸುತ್ತದೆ. 2000ದ ದಶಕದಲ್ಲಿ ಅಗತ್ತಿಯ ಲಗೂನಿಗೆ ಹಸಿರು ಕಡಲಾಮೆಗಳು ಗುಂಪುಗುಂಪಾಗಿ ಬಂದು ನೆಲೆಸಿದವು. ಬೆಳೆದ ಹಸಿರಾಮೆ ಹೆಚ್ಚುಕಡಿಮೆ ಶುದ್ಧ ಸಸ್ಯಾಹಾರಿ, ಹುಲ್ಲೇ ಅದರ ಊಟ. ದ್ವೀಪದ ಮೀನುಗಾರರು ತಕರಾರು ತೆಗೆದರು: ಆಮೆ ಹುಲ್ಲು ಮೇಯುತ್ತಿದೆ, ಹುಲ್ಲಿಲ್ಲದೆ ಲಗೂನಿನಲ್ಲಿ ಮೀನು ಕಡಿಮೆಯಾಗಿದೆ. ಹೊರಗಿನವರಿಗೆ ಇದು ಆಮೆ ಹಿಡಿಯಲು ಹುಡುಕಿದ ನೆಪದಂತೆ ಕೇಳಿಸಬಹುದಿತ್ತು. ನಮ್ಮ ಮೈಸೂರಿನಲ್ಲಿ ನೆಲೆಯಿರುವ ನೇಚರ್ ಕನ್ಸರ್ವೇಶನ್ ಫೌಂಡೇಶನ್ನಿನ ವಿಜ್ಞಾನಿಗಳು ಹಾಗೆ ತಳ್ಳಿಹಾಕಲಿಲ್ಲ. ಹುಲ್ಲಿನ ಕೆಲವು ತುಂಡುಗಳ ಸುತ್ತ ಆಮೆ ನುಗ್ಗದಂತೆ ಬೇಲಿ ಹಾಕಿ ಕಾದರು. ಕೆಲವೇ ತಿಂಗಳಲ್ಲಿ ಬೇಲಿಯೊಳಗೆ ಹುಲ್ಲು ಎತ್ತರ ಬಂತು, ಒತ್ತಾಯಿತು. ಬೇಲಿಯ ಹೊರಗೆ ಕ್ಷೌರ ಮಾಡಿದ ತಲೆ. ಮೀನುಗಾರರು ಹೇಳಿದ್ದು ನಿಜವಿತ್ತು.

ಅಗತ್ತಿಯಲ್ಲಿ ಮೇವು ಮುಗಿಯುತ್ತಿದ್ದಂತೆ ಆಮೆಗಳು ಕಡಮತ್ ಮತ್ತಿತರ ದ್ವೀಪಗಳ ಲಗೂನುಗಳಿಗೆ ದಾಟಿದವು. ಅಲ್ಲೂ ಅದೇ ಪಾಡು. ಒಂದಾದ ಮೇಲೊಂದರಂತೆ ದ್ವೀಪಸಮೂಹದ ಹುಲ್ಲುಗಾವಲುಗಳು ಹೆಸರಿಗಷ್ಟೇ ಉಳಿದವು ಎಂದು ಅದೇ ತಂಡ 2021ರಲ್ಲಿ ಬರೆಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಹಸಿರಾಮೆಗೆ ಹುಲಿಯಷ್ಟೇ ರಕ್ಷಣೆಯಿದೆ. ಅದು ಸರಿಯೇ. ಆದರೆ ಆಮೆಯನ್ನು ಹೆದರಿಸಿ ಓಡಾಡಿಸುತ್ತಿದ್ದ ಹುಲಿ ಶಾರ್ಕಿಗೆ, ನಮ್ಮ ಕರಾವಳಿಯವರು ತಾಟೆ ಎನ್ನುವ ಬಳಗದ ದೈತ್ಯನಿಗೆ, ಅಂಥ ಕಾವಲಿರಲಿಲ್ಲ. ಲಕ್ಷದ್ವೀಪದಲ್ಲಿ ಅದನ್ನು ಹಿಂದಿನಿಂದಲೂ ಹಿಡಿಯುತ್ತಿದ್ದರು, ಅದರ ಪಿತ್ತಜನಕಾಂಗದ ಎಣ್ಣೆಯನ್ನು ಮರದ ದೋಣಿಗಳಿಗೆ ಬಳಿಯುತ್ತಿದ್ದರು. ದನವನ್ನು ಕಟ್ಟುವವರಿಲ್ಲ, ಹುಲಿಯೂ ಇಲ್ಲ ಎಂದ ಮೇಲೆ ಗೋಮಾಳ ಉಳಿದೀತೆ?

ಹಾಗಾದರೆ ಆಮೆ ಮೇದಲ್ಲೆಲ್ಲ ಇಂಗಾಲ ಹೊರಬಿತ್ತೇ? ಇಲ್ಲೇ ನಿಧಾನಿಸಬೇಕು. ಕೆರಿಬಿಯನ್‌ನ ಸೇಂಟ್ ಕ್ರಾಯ್ ದ್ವೀಪದ ಬಳಿ ಆಮೆ ಮೇದ ಹುಲ್ಲನ್ನೂ ಮೇಯದ ಹುಲ್ಲನ್ನೂ ಅಕ್ಕಪಕ್ಕ ಇಟ್ಟು ನೋಡಿದ ವಿಜ್ಞಾನಿಗಳಿಗೆ, ಮೇದಲ್ಲಿ ಹೂಳಿನ ಇಂಗಾಲ ಕರಗಿಹೋದ ಕುರುಹು ಸಿಗಲಿಲ್ಲ. ಎಲೆ ಹೋಗಿತ್ತು, ಬೇರಿನ ಜಾಲ ಅಲ್ಲಾಡಿರಲಿಲ್ಲ. ಕುರಿ ಮೇದ ಹುಲ್ಲಿನಡಿ ಮಣ್ಣು ಕೊಚ್ಚಿ ಹೋಗುವುದಿಲ್ಲ, ಬೇರು ಕಿತ್ತರೆ ಹೋಗುತ್ತದೆ, ಅಷ್ಟೇ ವ್ಯತ್ಯಾಸ. ಇಂಡೊನೇಷ್ಯಾದ ಬೋರ್ನಿಯೊ ಬಳಿಯ ಡೆರವಾನ್‌ನಲ್ಲಿ ಆ ಇನ್ನೊಂದು ಮುಖವೂ ಕಂಡಿದೆ. ಅಲ್ಲಿನ ಸಂರಕ್ಷಿತ ಕಡಲಲ್ಲಿ ಕಿಕ್ಕಿರಿದ ಆಮೆಗಳಿಗೆ ಎಲೆ ಸಾಲದೆ, ಮರಳು ಬಗೆದು ಬೇರುಕಾಂಡವನ್ನೇ ತಿನ್ನತೊಡಗಿದವು. ಎಲೆ ಮೇಯುವ ಆಮೆ ಹಗೇವಿನ ಮೇಲಿನ ಮಣ್ಣು ಕೆರೆಯುತ್ತದೆ. ಬೇರು ಬಗೆಯುವ ಆಮೆ ಹಾಸುಗಲ್ಲನ್ನೇ ಎತ್ತುತ್ತದೆ.

ಹಾಸುಗಲ್ಲು ಎತ್ತಿದರೆ ಏನಾಗುತ್ತದೆ ಎಂಬುದಕ್ಕೆ ಪಶ್ಚಿಮ ಆಸ್ಟ್ರೇಲಿಯಾದ ಶಾರ್ಕ್ ಬೇ ಸಾಕ್ಷಿ. ಉಷ್ಣವಲಯದ ಅಂಚಿನಲ್ಲಿರುವ ಈ ಕೊಲ್ಲಿಯ ಹುಲ್ಲುಗಾವಲು ಜಗತ್ತಿನ ಅತಿ ದೊಡ್ಡವುಗಳಲ್ಲಿ ಒಂದು. 2010ರ ಕೊನೆಯಿಂದ 2011ರ ಮೊದಲ ತಿಂಗಳುಗಳವರೆಗೆ ಅಲ್ಲಿನ ನೀರು ವಾಡಿಕೆಗಿಂತ 2ರಿಂದ 4 ಡಿಗ್ರಿ ಬಿಸಿಯಾಗಿ ಎರಡು ತಿಂಗಳಿಗೂ ಹೆಚ್ಚು ಕಾಲ ಹಾಗೇ ನಿಂತಿತು. ಹುಲ್ಲುಗಾವಲಿನ 36 ಶೇಕಡಾ ಹಾಳಾಯಿತು. ಹಿಡಿದಿಡುವ ಬೇರಿಲ್ಲದೆ ಹೂಳು ಕದಡಿತು, ಕದಡಿದ ಹೂಳಿಗೆ ಆಮ್ಲಜನಕ ತಾಗಿತು, ಶತಮಾನಗಳಿಂದ ಅರೆಹೊಟ್ಟೆಯಲ್ಲಿದ್ದ ಬ್ಯಾಕ್ಟೀರಿಯಾಗಳ ಜಾಗಕ್ಕೆ ಹೊಟ್ಟೆಬಾಕಗಳು ಬಂದವು. ಮುಂದಿನ ಮೂರು ವರ್ಷಗಳಲ್ಲಿ 20 ಲಕ್ಷದಿಂದ 90 ಲಕ್ಷ ಟನ್ ಇಂಗಾಲದ ಡೈಆಕ್ಸೈಡ್ ಹೊರಬಿದ್ದಿರಬಹುದು ಎಂದು 2018ರ ಅಂದಾಜು. ಆ ಹುಲ್ಲನ್ನು ಕೊಂದದ್ದು ಟ್ರಾಲರಲ್ಲ, ಹೂಳೆತ್ತುವ ಯಂತ್ರವಲ್ಲ. ಬರೀ ಬಿಸಿನೀರು.

ಉಳಿದ ಕಡೆ ಕಾರಣಗಳು ಇನ್ನೂ ಮಾಮೂಲಿ: ತಳ ಉಜ್ಜುವ ಬಲೆ, ದೋಣಿ ಕಾಲುವೆಗೆಂದು ಹೂಳೆತ್ತುವುದು, ಲಂಗರು, ಊರಿನ ಕೊಳಚೆಯಿಂದ ಉಬ್ಬಿ ಬೆಳೆದು ಬೆಳಕು ಮರೆಮಾಡುವ ಪಾಚಿ. 1879ರಿಂದ ಸಿಕ್ಕ ದಾಖಲೆಗಳನ್ನು ಜೋಡಿಸಿದ 2009ರ ಅಧ್ಯಯನದ ಪ್ರಕಾರ, ಗೊತ್ತಿದ್ದ ಹುಲ್ಲುಗಾವಲಿನಲ್ಲಿ 29 ಶೇಕಡಾ ಆಗಲೇ ಹೋಗಿತ್ತು. ಅದೇ ವರ್ಷ ವಿಶ್ವಸಂಸ್ಥೆಯ ವರದಿಯೊಂದು ನೀಲಿ ಇಂಗಾಲ ಎಂಬ ಹೆಸರನ್ನು ಚಾಲ್ತಿಗೆ ತಂದಿತು, ಅಲ್ಲಿಂದ ಹಣದ ಮಾತು ಶುರುವಾಯಿತು.

ಹೀರಿದ ಇಂಗಾಲಕ್ಕೆ ರಸೀದಿ ಬರೆದು ಮಾರುವ ಕಾರ್ಬನ್ ಕ್ರೆಡಿಟ್ ಮಾರುಕಟ್ಟೆಗೆ ಇಷ್ಟವಾಗುವುದು ಹೊಸ ನೆಡುತೋಪು. ಈ ವರ್ಷ ಇಷ್ಟು ನೆಟ್ಟೆವು, ಇಷ್ಟು ಹೀರಿತು, ಇಷ್ಟು ದುಡ್ಡು. ಕಡಲಹುಲ್ಲು ಆ ಚೌಕಟ್ಟಿಗೆ ಸುಲಭವಾಗಿ ಕೂರುವುದಿಲ್ಲ. ಇದರ ಬೆಲೆಯಿರುವುದು ವರ್ಷದ ಗಳಿಕೆಯಲ್ಲಲ್ಲ, ಹಳೆಯ ಠೇವಣಿಯಲ್ಲಿ. ಇದ್ದದ್ದನ್ನು ಮುಟ್ಟದೆ ಉಳಿಸಿದ್ದಕ್ಕೆ ರಸೀದಿ ಬರೆಯುವುದು ಕಷ್ಟ. ತಮಿಳುನಾಡು ಸರ್ಕಾರ 2022ರ ಸೆಪ್ಟೆಂಬರಿನಲ್ಲಿ ಪಾಕ್ ಕೊಲ್ಲಿಯ 448 ಚದರ ಕಿಲೊಮೀಟರನ್ನು ಕಡಲ ಹಸುವಿನ (ಡುಗಾಂಗ್) ಸಂರಕ್ಷಿತ ಪ್ರದೇಶವೆಂದು ಘೋಷಿಸಿತು. ದಿನಕ್ಕೆ ಮೂವತ್ತು ನಲವತ್ತು ಕಿಲೊ ಹುಲ್ಲು ಮೇಯುವ ಈ ಸಾಧು ಪ್ರಾಣಿ ನಮ್ಮ ದೇಶದಲ್ಲಿ ಕೆಲವು ನೂರರಷ್ಟೇ ಉಳಿದಿದೆ. ಹೆಸರು ಹಸುವಿನದು, ಅದರ ನೆಪದಲ್ಲಿ ಉಳಿಯುವುದು ಗೋಮಾಳ. ಇಂಗಾಲದ ಹೆಸರಿನಲ್ಲಿ ಕೇಳಿದ್ದರೆ ಇಷ್ಟು ಬೇಗ ಆಗುತ್ತಿತ್ತೋ ಇಲ್ಲವೋ.

ಅದೇ ಕರಾವಳಿಯಲ್ಲಿ ಹಾಳಾದ ಕಡೆ ಹುಲ್ಲನ್ನು ಮತ್ತೆ ನೆಡುವ ಕೆಲಸವೂ ನಡೆದಿದೆ. ಬಿದಿರಿನ ಚೌಕಟ್ಟು ಮಾಡಿ, ಅದಕ್ಕೆ ತೆಂಗಿನ ನಾರಿನ ಹಗ್ಗ ಬಿಗಿದು, ಹಗ್ಗದ ಎಳೆಗಳ ನಡುವೆ ಬೇರುಕಾಂಡ ಸಮೇತ ಹುಲ್ಲಿನ ಚಿಗುರು ಸಿಕ್ಕಿಸಿ ತಳಕ್ಕೆ ಇಳಿಸುತ್ತಾರೆ. ಪ್ಲಾಸ್ಟಿಕ್ಕು, ಕಬ್ಬಿಣ ಇಲ್ಲ. ಬಿದಿರು, ನಾರು ಕೊಳೆಯುವ ಹೊತ್ತಿಗೆ ಹುಲ್ಲು ತಾನೇ ಬೇರೂರಿರಬೇಕು ಎಂಬುದು ಲೆಕ್ಕ. ಕದಡಿದ ನೀರಿನಲ್ಲಿ ಕೆಲವು ಹಿಡಿಯುತ್ತವೆ, ಕೆಲವು ಹಿಡಿಯುವುದಿಲ್ಲ. ಹಿಡಿದಲ್ಲಿ ಕೆಲವು ತಿಂಗಳಿಗೆ ಎಲೆ ಒತ್ತಾಗಿ ಪುಟ್ಟ ಮೀನುಗಳು ಬಂದು ಸೇರುತ್ತವೆ, ಕೆಲವು ವರ್ಷಕ್ಕೆ ಚೌಕಟ್ಟಿನ ಗುರುತೂ ಉಳಿಯದಂತೆ ಜಾಲ ಹಬ್ಬುತ್ತದೆ. ಹೂಳಿನ ಲೆಕ್ಕ ಮಾತ್ರ ಅದೇ 2 ಮಿಲಿಮೀಟರ್. ಈ ವರ್ಷ ಒಂದನೇ ಕ್ಲಾಸಿಗೆ ಸೇರಿದ ಮಗು ನೌಕರಿ ಮುಗಿಸಿ ಪಿಂಚಣಿ ಎಣಿಸುವ ಹೊತ್ತಿಗೆ ಅದರ ಕೆಳಗೆ ಕೂಡಿರುವುದು ಅರ್ಧ ಗೇಣು.